ಡಿಜೈರ್‌ಗೆ ಹೊಸ ಟೈರ್: ಎರಡೋ ನಾಲ್ಕೋ, 165 ಇರಲೋ 185 ಹಾಕಿಸಲೋ?

ಬೆಣ್ಣೆನಗರಿ_ಸವಾರ (ದಾವಣಗೆರೆ)

ನಮಸ್ಕಾರ. ಕಾರು 2019ರ ಡಿಜೈರ್ ವಿಎಕ್ಸ್‌ಐ, ಪೆಟ್ರೋಲ್. ಕಾರಿನ ಜೊತೆ ಬಂದ ಟೈರ್‌ಗಳೇ ಇನ್ನೂ ಇವೆ. ಪಕ್ಕದಲ್ಲಿ 165/80 ಆರ್14 85ಟಿ ಅಂತ ಇದೆ, ಮೊದಲ ಅಂಕಿ ಟೈರ್ ಅಗಲ, ಮಿ.ಮೀ. ಲೆಕ್ಕದಲ್ಲಿ. ಓಡಾಟ ಹೆಚ್ಚಾಗಿ ಊರೊಳಗೆ, ವಿದ್ಯಾನಗರದಿಂದ ಹಳೇ ಪಿ.ಬಿ. ರಸ್ತೆ ಕಡೆಗೆ. ಆಗಾಗ ಎನ್‌ಎಚ್ 48 ಹಿಡಿದು ಚಿತ್ರದುರ್ಗ. ಮಳೆಗಾಲದಲ್ಲಿ ಮನೆಮಂದಿ ಐದೂ ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಶೃಂಗೇರಿ, ಧರ್ಮಸ್ಥಳದ ಕಡೆ ಹೋಗುವುದುಂಟು.

ಮುಂದಿನ ಎರಡೂ ಟೈರ್‌ನ ಒಳಅಂಚು ನುಣ್ಣಗಾಗಿದೆ, ಹೊರಗಡೆ ಬಟನ್ (ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳು) ಇನ್ನೂ ಇದೆ. ಹಿಂದಿನವು ಅರ್ಧಕ್ಕಿಂತ ಹೆಚ್ಚು ಉಳಿದ ಹಾಗೆ ಕಾಣುತ್ತವೆ. ಅಂಗಡಿಯಲ್ಲಿ ವಿಚಾರಿಸಿದರೆ ಒಬ್ಬರು "ಮುಂದಕ್ಕೆ ಎರಡು ಹಾಕಿಸಿ ಸಾಕು" ಅಂತಾರೆ, ಇನ್ನೊಬ್ಬರು "ನಾಲ್ಕೂ ತೆಗೆದು 185 ಹಾಕಿಸಿ, ಗಾಡಿ ರಸ್ತೆ ಹಿಡಿಯುತ್ತೆ" ಅಂತಾರೆ.

ನನಗೆ ಗೊತ್ತಾಗಬೇಕಾದ್ದು: ಎರಡೋ ನಾಲ್ಕೋ? 165 ಬಿಟ್ಟು 185ಕ್ಕೆ ಹೋಗಬಹುದಾ? ನಮ್ಮ ಕಡೆ ಬಿಸಿಲಿಗೆ, ಮಲೆನಾಡಿನ ಮಳೆಗೆ ಎರಡಕ್ಕೂ ಹೊಂದುವಂಥದ್ದು ಯಾವುದು? ಅಂಗಡಿಯಲ್ಲಿ ಏನೇನು ನೋಡಿಕೊಂಡು ಹಾಕಿಸಬೇಕು?

---

ಗಾಲಿಲೆಕ್ಕ

ಬ್ರ್ಯಾಂಡ್ ಮಾತು ಆಮೇಲೆ ನೋಡೋಣ. ಮೊದಲು ಈಗಿರುವ ಟೈರ್‌ಗಳು ಯಾವಾಗ ತಯಾರಾದವು ಅಂತ ಓದಿ. ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 2325 ಎಂದರೆ 2025ರ 23ನೇ ವಾರ. ಪೂರ್ತಿ ಸಾಲು ಟೈರ್‌ನ ಒಂದೇ ಮಗ್ಗುಲಲ್ಲಿ ಇರಬಹುದು. ಅದು ಒಳಗಡೆ ಬಂದಿದ್ದರೆ ಹೊರಗಿನಿಂದ ನೋಡಿ "ಕೋಡೇ ಇಲ್ಲ" ಅನ್ನಬೇಡಿ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಮೊಬೈಲ್ ಒಳಗೆ ಹಿಡಿದು ಫೋಟೋ ತೆಗೆಯಿರಿ. ಸ್ಟೆಪ್ನಿಯದ್ದೂ ಓದಿ.

ಇದನ್ನು ಮೊದಲು ಕೇಳುವುದಕ್ಕೆ ಕಾರಣ ಇದೆ. ಕಡಿಮೆ ಓಡುವ ಮನೆ ಕಾರಿನಲ್ಲಿ ಬಟನ್ ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಬಿಸಿಲು, ಓಜೋನ್, ಶಾಖ ಸೇರಿ ಅದರ ಮೆದುತನ ಹೋಗುತ್ತದೆ. ಗಟ್ಟಿಯಾದ ರಬ್ಬರ್ ಒಣ ರಸ್ತೆಯಲ್ಲಿ ಚೆನ್ನಾಗೇ ಇದ್ದಂತೆ ಅನಿಸುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಜಾರುತ್ತದೆ. ಬಟನ್ ಮಧ್ಯದ ಕಾಲುವೆಯ ತಳ ನೋಡಿ, ಕೂದಲೆಳೆಯಂಥ ಬಿರುಕು ಇದ್ದರೆ ಅದು ವಯಸ್ಸಿನ ಗುರುತು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದದ್ದನ್ನು ಹೇಗಿದ್ದರೂ ತೆಗೆಯಬೇಕು ಅನ್ನುವುದು ಸಾಮಾನ್ಯ ನಿಯಮ. ಬಯಲುಸೀಮೆಯಲ್ಲಿ ಮರದ ನೆರಳಿಲ್ಲದೆ ನಿಲ್ಲುವ ಕಾರಿಗೆ ನಾನು ಆರು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ.

ಆಮೇಲೆ ಆಳ. ಕಾಲುವೆಯೊಳಗೆ ಅಡ್ಡಲಾಗಿ ಸಣ್ಣ ದಿಬ್ಬ ಇರುತ್ತದೆ, ಅದರ ಎತ್ತರ 1.6 ಮಿ.ಮೀ. ಬಟನ್ ಸವೆದು ದಿಬ್ಬಕ್ಕೆ ಸಮ ಬಂತೆಂದರೆ ಟೈರ್ ಮುಗಿದಂತೆ. ಹೊಸ ಟೈರ್‌ನಲ್ಲಿ ಈ ಆಳ 7ರಿಂದ 8 ಮಿ.ಮೀ. ಇರುತ್ತದೆ, 3ಕ್ಕೆ ಇಳಿದಾಗಲೇ ಮಳೆಯಲ್ಲಿ ಹಿಡಿತ ಬೇಗ ಬೇಗ ಕುಸಿಯಲು ಶುರುವಾಗುತ್ತದೆ. ಅಳೆಯುವುದು ಎಲ್ಲಿ ಅತಿ ಕಡಿಮೆ ಇದೆಯೋ ಅಲ್ಲಿ. ನಿಮ್ಮ ಮುಂದಿನ ಟೈರ್‌ಗಳ ಒಳಅಂಚು ನುಣ್ಣಗಾಗಿದ್ದರೆ ಹೊರಗೆ ಎಷ್ಟು ಉಳಿದಿದೆ ಅನ್ನುವ ಮಾತೇ ಬೇಡ.

ಒಂದು ವೇಳೆ ಹಿಂದಿನವು ಹೊಸತಾಗಿದ್ದು ಎರಡೇ ಹಾಕಿಸುವ ಪ್ರಸಂಗ ಬಂದರೆ, ಹೊಸ ಜೋಡಿ ಹಿಂದಕ್ಕೆ, ಹಳೇ ಒಳ್ಳೆಯ ಜೋಡಿ ಮುಂದಕ್ಕೆ. ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರ, ಹಾಗಾಗಿ ಹೊಸದು ಮುಂದಿರಲಿ ಅಂತ ಬಹಳ ಜನ ಹೇಳುತ್ತಾರೆ. ಆದರೆ ನೀರು ನಿಂತ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ಸಡಿಲಿಸಿದಾಗ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಕಾರಿನ ಬಾಲವೇ ತಿರುಗಿ ಮುಂದಕ್ಕೆ ಬರುತ್ತದೆ. ಅದನ್ನು ಸರಿಪಡಿಸುವ ಅಭ್ಯಾಸ ದಿನನಿತ್ಯ ಓಡಿಸುವ ನೂರಕ್ಕೆ ತೊಂಬತ್ತು ಜನಕ್ಕೆ ಇರುವುದಿಲ್ಲ.

ಕೋಡ್ ಓದಿ ತಿಳಿಸಿ.

---

ಬೆಣ್ಣೆನಗರಿ_ಸವಾರ

ಓದಿದೆ. ನಾಲ್ಕೂ 1419. ಸ್ಟೆಪ್ನಿ 1219, ಅದು ನೆಲಕ್ಕೇ ಇಳಿದಿಲ್ಲ. ಹಿಂದಿನ ಎರಡರ ಕಾಲುವೆ ತಳದಲ್ಲಿ ನೀವು ಹೇಳಿದ ಬಿರುಕು ಇದೆ. ಮುಂದಿನ ಬಲಗಡೆ ಟೈರ್‌ನ ಪಕ್ಕದಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಒಂದು ಉಬ್ಬು ಕೂಡ ಕಂಡಿತು. ಇಷ್ಟು ದಿನ ಗಮನಿಸಿರಲಿಲ್ಲ.

---

ಗಾಲಿಲೆಕ್ಕ

ಹಾಗಿದ್ದರೆ ನಾಲ್ಕೂ ಬದಲಾಯಿಸಿ. 2019ರ ಏಪ್ರಿಲ್ ಟೈರ್, ಬಿರುಕು ಬಿಟ್ಟಿದೆ, ಬಟನ್ ಎಷ್ಟಿದ್ದರೇನು.

ಉಬ್ಬಿರುವ ಟೈರನ್ನು ಇವತ್ತೇ ತೆಗೆದು ಸ್ಟೆಪ್ನಿ ಹಾಕಿ. ಗುಂಡಿಗೋ ರಸ್ತೆ ಹಂಪ್‌ಗೋ ಬಡಿದಾಗ ಟೈರ್ ಪಕ್ಕದೊಳಗಿನ ನೂಲಿನ ಎಳೆಗಳು ತುಂಡಾಗಿವೆ. ಈಗ ಅಲ್ಲಿ ಗಾಳಿಯನ್ನು ತಡೆದಿರುವುದು ಬರೀ ರಬ್ಬರ್. ಪ್ಯಾಚ್ ಹಾಕಿಯೋ ಟ್ಯೂಬ್ ಹಾಕಿಯೋ ಓಡಿಸಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಪಕ್ಕದ ಗೋಡೆಗೆ ರಿಪೇರಿ ಅನ್ನುವುದೇ ಇಲ್ಲ. ಸ್ಟೆಪ್ನಿಯೂ ಹಳೆಯದೇ. ಹೊಸದು ಹಾಕಿಸುವ ತನಕ ಊರೊಳಗೆ ಮಾತ್ರ, ನಿಧಾನವಾಗಿ. ದುರ್ಗದ ಕಡೆ ಹೊರಡಬೇಡಿ.

---

ದುರ್ಗದ_ಅಲೈನ್‌ಮೆಂಟ್ (ಚಿತ್ರದುರ್ಗ)

ಎರಡೂ ಬದಿ ಒಳಅಂಚು ಒಂದೇ ಥರ ಸವೆದಿದೆ ಅಂದಿರಲ್ಲ, ಅಲ್ಲೇ ನಿಮ್ಮ ಅರ್ಧ ಉತ್ತರ ಇದೆ. ಅದನ್ನು ಸರಿಮಾಡಿಸದೆ ಹೊಸ ಟೈರ್ ಹಾಕಿಸಿದರೆ ಹೊಸದರ ಒಳಅಂಚೂ ಹಾಗೇ ಹೋಗುತ್ತದೆ.

ಅಂಗೈಯನ್ನು ಬಟನ್ ಮೇಲೆ ಇಟ್ಟು ಅಡ್ಡಡ್ಡ ಸವರಿ ನೋಡಿ, ಒಮ್ಮೆ ಹೊರಗಿನಿಂದ ಒಳಕ್ಕೆ, ಒಮ್ಮೆ ಒಳಗಿನಿಂದ ಹೊರಕ್ಕೆ. ಒಂದು ಕಡೆ ಹೋಗುವಾಗ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಅದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಕೆಟ್ಟಿರುವ ಗುರುತು. ಎರಡೂ ಚಕ್ರದ ಮೂತಿ ಹೊರಕ್ಕೆ ತಿರುಗಿದ್ದರೆ ಒಳಅಂಚುಗಳು ಸವೆಯುತ್ತವೆ. ಒಂದೇ ಚಕ್ರ ಸವೆದಿದ್ದರೆ ಬೇರೆ ಅನುಮಾನ ಪಡಬೇಕಿತ್ತು: ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಅಥವಾ ಸ್ಟ್ರಟ್ ಬಾಗಿರಬಹುದು. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ, ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಸುತ್ತಲೂ ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬ್ಯಾಲೆನ್ಸ್ ತಪ್ಪಿದೆ.

ಹೊಸ ಟೈರ್ ಹಾಕುವ ಮೊದಲು ಕಾರನ್ನು ಜ್ಯಾಕ್ ಮೇಲೆತ್ತಿ ಆಟ ನೋಡಿಸಿ. ಚಕ್ರವನ್ನು ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ಎಂಡ್ ಸಡಿಲ ಇದ್ದದ್ದು ಗೊತ್ತಾಗುತ್ತದೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಲೋವರ್ ಆರ್ಮ್ ಬುಷ್ ಹರಿದಿದೆಯಾ ಅಂತ ಟಾರ್ಚ್ ಬಿಟ್ಟು, ಸಣ್ಣ ಹಾರೆಯಿಂದ ಮೀಟಿ ನೋಡಬೇಕು. ಆಟ ಇದ್ದರೆ ಮೊದಲು ಆ ಪಾರ್ಟ್ ಬದಲಿಸಿ. ಸಡಿಲ ಬುಷ್ ಇಟ್ಟುಕೊಂಡು ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದರೆ ಮಷಿನ್ ಮೇಲೆ ಎಲ್ಲಾ ಹಸಿರು ತೋರಿಸುತ್ತೆ, ಮೊದಲ ಹಂಪ್‌ಗೇ ಕೆಡುತ್ತೆ.

ಇನ್ನು ಹಾಕಿಸುವ ದಿನ. ಪಕ್ಕದಲ್ಲಿ ನಿಂತು ನೋಡಿ, ಅಂಗಡಿಯವರು ಬೇಜಾರು ಮಾಡಿಕೊಳ್ಳಲ್ಲ.

ಹಳೇ ಟೈರ್ ಬಿಚ್ಚಿದ ಮೇಲೆ ಸ್ಟೀಲ್ ರಿಮ್‌ನ ಅಂಚು, ಟೈರ್ ಕೂರುವ ಜಾಗ ತುಕ್ಕು ಹಿಡಿದಿರುತ್ತದೆ. ಅಲ್ಲಿ ವೈರ್ ಬ್ರಷ್ ಹೊಡೆಯಲೇಬೇಕು. ಇಲ್ಲದಿದ್ದರೆ ಪಂಕ್ಚರ್ ಇಲ್ಲದೆಯೂ ವಾರಕ್ಕೆ ನಾಲ್ಕೈದು ಪಿಎಸ್‌ಐ ಇಳಿಯುತ್ತಾ ಹೋಗುತ್ತದೆ, ಆಮೇಲೆ ಯಾರು ಹುಡುಕಿದರೂ ಮೊಳೆ ಸಿಗುವುದಿಲ್ಲ. ರಬ್ಬರ್ ವಾಲ್ವ್ ನಾಲ್ಕೂ ಹೊಸದು ಹಾಕಿಸಿ. ಅದು ಚಿಲ್ಲರೆ ಖರ್ಚು, ಆದರೆ ಹಳೇ ವಾಲ್ವ್‌ನ ಬುಡ ಬಿರಿದರೆ ಹೈವೇಯಲ್ಲಿ ಗಾಳಿ ಪೂರ್ತಿ ಹೋಗುತ್ತದೆ. ಟೈರ್ ಅಂಚಿಗೆ ಸೋಪಿನ ಪೇಸ್ಟ್ ಹಚ್ಚಬೇಕು. ಗ್ರೀಸ್, ಡೀಸೆಲ್, ಹಳೇ ಆಯಿಲ್ ಯಾವುದೂ ಕೂಡದು, ಅವು ರಬ್ಬರನ್ನು ತಿನ್ನುತ್ತವೆ.

ಟೈರ್ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಅತಿ ಹಗುರವಾದ ಜಾಗ, ಅದನ್ನು ವಾಲ್ವ್ ಪಕ್ಕಕ್ಕೇ ತಂದು ಕೂರಿಸಬೇಕು. ಗಾಳಿ ತುಂಬುವಾಗ ಟಪ್ ಟಪ್ ಅಂತ ಎರಡು ಸದ್ದು ಬಂದು ಟೈರ್ ಕೂರುತ್ತದೆ. ಆಗ ರಿಮ್ ಅಂಚಿಗೆ ಹೊಂದಿಕೊಂಡು ಟೈರ್ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಕಾಣುತ್ತದೆ. ಗೆರೆಗೂ ರಿಮ್ಮಿಗೂ ನಡುವಿನ ಅಂತರ ಸುತ್ತಲೂ ಸಮ ಇದೆಯಾ ನೋಡಿ. ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಸೋಪು ಹಚ್ಚಿ ಮತ್ತೆ ತುಂಬಬೇಕು. ಕೂರಲಿಲ್ಲ ಅಂತ 40 ಪಿಎಸ್‌ಐ ಮೇಲೆ ತುಂಬುತ್ತಾ ಹೋಗಬಾರದು.

ಬ್ಯಾಲೆನ್ಸಿಂಗ್‌ನಲ್ಲಿ ಒಂದು ಚಕ್ರಕ್ಕೆ ಮಷಿನ್ 50-60 ಗ್ರಾಂಗಿಂತ ಹೆಚ್ಚು ಸೀಸದ ತೂಕ ಕೇಳಿದರೆ ಅಷ್ಟೂ ಬಡಿದು ಕಳಿಸಲು ಬಿಡಬೇಡಿ. ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ, ಬಹಳ ಸಲ ತೂಕ ಅರ್ಧಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ರಿಮ್ ಬಾಗಿದೆಯಾ ಪರೀಕ್ಷಿಸಬೇಕು. ನಿಮಗೆ ಮುಂದಿನ ಬಲಗಡೆ ಉಬ್ಬು ಬಂದಿದೆ ಅಂದರೆ ಪೆಟ್ಟು ರಿಮ್ಮಿಗೂ ಬಿದ್ದಿರಬಹುದು, ಅದನ್ನು ಮಷಿನ್ ಮೇಲೆ ತಿರುಗಿಸಿದಾಗ ಅಂಚು ಮೇಲೆ ಕೆಳಗೆ ಕುಣಿಯುತ್ತಾ ಅಂತ ಕಣ್ಣಿಟ್ಟು ನೋಡಿ.

ನಟ್‌ಗಳನ್ನು ಮೊದಲು ಕೈಯಲ್ಲಿ ಹಿಡಿಸಿ, ಎದುರುಬದುರು ಬಿಗಿಸಿ, ಕೊನೆಗೆ ಟಾರ್ಕ್ ರೆಂಚ್. ಇಂಥ ಸಣ್ಣ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ಸರಿಯಾದ ಸಂಖ್ಯೆ ಕಾರಿನ ಕೈಪಿಡಿಯಲ್ಲಿದೆ. ಗಾಳಿ ಗನ್ ಹಿಡಿದು ಗರ್ರ್ ಅನ್ನಿಸಿ ಬಿಟ್ಟರೆ ಸ್ಟಡ್ ಎಳೆಯುತ್ತದೆ, ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗುತ್ತದೆ. ದಾರಿಯಲ್ಲಿ ಪಂಕ್ಚರ್ ಆದಾಗ ಕಾರಿನಲ್ಲಿರುವ ಸ್ಪ್ಯಾನರ್‌ಗೆ ಆ ನಟ್ ಜಗ್ಗುವುದೂ ಇಲ್ಲ. 50-100 ಕಿ.ಮೀ. ಓಡಿದ ಮೇಲೆ ಒಮ್ಮೆ ಬಿಗಿ ನೋಡಿಸಿ.

ಅಲೈನ್‌ಮೆಂಟ್ ಕಟ್ಟಕಡೆಗೆ, ನಾಲ್ಕರಲ್ಲೂ ಸರಿಯಾದ ಗಾಳಿ ಹಾಕಿದ ಮೇಲೆ. ಮಾಡುವ ಮೊದಲಿನ, ಮಾಡಿದ ನಂತರದ ಎರಡೂ ಅಳತೆಯ ಪ್ರಿಂಟ್ ಕೇಳಿ. ಈ ಕಾರಿನಲ್ಲಿ ಸುಲಭವಾಗಿ ಹೊಂದಿಸಲು ಬರುವುದು ಮುಂದಿನ ಟೋ ಮಾತ್ರ. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ತಪ್ಪಿದ್ದರೆ "ಸರಿ ಮಾಡಿದ್ವಿ" ಅನ್ನುವ ಮಾತಿಗಿಂತ ಯಾವ ಪಾರ್ಟ್ ಬಾಗಿದೆ ಎಂದು ಕೇಳಬೇಕು.

---

ಹರಿಹರ_ಹೈವೇ

165 ಬಿಟ್ಟು 185ಕ್ಕೆ ಹೋಗಬಹುದಾ ಅನ್ನುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನಾನು 185/70 ಆರ್14 ಪರ. ಕಾರಣ ಕೊಡ್ತೀನಿ ನೋಡ್ರಿ. ವ್ಯಾಸ ಹತ್ತಿರ ಹತ್ತಿರ ಅಷ್ಟೇ. ಲೋಡ್ ಇಂಡೆಕ್ಸ್ 88, ಅಂದರೆ ಒಂದೊಂದು ಟೈರ್ 560 ಕೆ.ಜಿ. ಹೊರುತ್ತದೆ. ಹೈವೇಯಲ್ಲಿ ಬಸ್ಸು ಪಕ್ಕಕ್ಕೆ ನುಗ್ಗಿದಾಗ, ಲೇನ್ ಬದಲಿಸುವಾಗ 165ರ ಎತ್ತರದ ಗೋಡೆ ಓಲಾಡುತ್ತದೆ, 185/70ರಲ್ಲಿ ಆ ಓಲಾಟ ಕಡಿಮೆ. ಐದು ಜನ, ಸಾಮಾನು ಹಾಕಿಕೊಂಡು ಹೋಗೋರಿಗೆ ಇದು ಬೇಕು.

---

ಗಾಲಿಲೆಕ್ಕ

ಹರಿಹರದವರ ಓಲಾಟದ ಮಾತು ನಿಜ. ಲೆಕ್ಕ ಹಾಕಿ ನೋಡೋಣ.

165/80 ಆರ್14: ಅಗಲ 165, ಗೋಡೆ ಅದರ ಶೇ. 80, ಅಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 264. ರಿಮ್ 14 ಇಂಚು, 355.6. ಒಟ್ಟು ವ್ಯಾಸ 619.6. 185/70 ಆರ್14ಕ್ಕೆ ಇದೇ ಲೆಕ್ಕದಲ್ಲಿ 614.6, ಶೇ. 0.8 ಕಡಿಮೆ. ಸ್ಪೀಡೋಮೀಟರ್, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್‌ಗೆ ಇದು ಲೆಕ್ಕಕ್ಕಿಲ್ಲ. 175/70 ಆರ್14 ಹಾಕಿದರೆ 600.6, ಶೇ. 3 ಕಡಿಮೆ. ಕಾರು ಸುಮಾರು ಒಂದು ಸೆಂ.ಮೀ. ತಗ್ಗುತ್ತದೆ, ನಮ್ಮ ಹಂಪ್‌ಗಳಿಗೆ ಅದು ಬೇಡ. 175/65 ಆರ್14 ಅಂತೂ ಶೇ. 6 ಕಡಿಮೆ, ಅದರ ಲೋಡ್ ಇಂಡೆಕ್ಸ್ ಸಾಮಾನ್ಯವಾಗಿ 82, ಅಂದರೆ 475 ಕೆ.ಜಿ. ನಿಮ್ಮ 85ಕ್ಕಿಂತ ಇಳಿಯುವ ಹಾಗಿಲ್ಲ. "ಈ ಅಳತೆ ಸ್ಟಾಕ್ ಇದೆ, ಕೂರುತ್ತೆ" ಅಂದರೆ ಎದ್ದು ಬನ್ನಿ. ಕೂರುವುದಕ್ಕೂ ಹೊಂದುವುದಕ್ಕೂ ವ್ಯತ್ಯಾಸ ಇದೆ.

ಹಾಗಾಗಿ 185/70 ತಪ್ಪು ಅಳತೆಯೇನಲ್ಲ. ರಿಮ್ ಮೇಲೆ ಅಚ್ಚೊತ್ತಿದ ಅಗಲ 5ಜೆ, ಅಂದರೆ 5 ಇಂಚು, ಇದ್ದರೆ ಆ ಟೈರ್‌ಗೆ ಒಪ್ಪಿದ 4.5ರಿಂದ 6 ಇಂಚಿನ ಮಿತಿಯೊಳಗೇ ಬರುತ್ತದೆ. ಆದರೂ ಈ ಕಾರಿನ ಬಳಕೆಗೆ ನನ್ನ ಮತ 165ಕ್ಕೇ.

ಅಗಲ ಹೆಚ್ಚಿದರೆ ನೆಲಕ್ಕೆ ತಾಗುವ ಜಾಗ ಅಷ್ಟೇ ಹೆಚ್ಚುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕಾರಿನ ತೂಕ ಅದೇ, ಗಾಳಿ ಅದೇ ಇದ್ದರೆ ತಾಗುವ ಜಾಗದ ವಿಸ್ತೀರ್ಣವೂ ಬಹುತೇಕ ಅದೇ. ಆಕಾರ ಮಾತ್ರ ಬದಲಾಗುತ್ತದೆ, ಉದ್ದ ಕಡಿಮೆಯಾಗಿ ಅಗಲ ಹೆಚ್ಚಾಗುತ್ತದೆ. ಒಣ ತಿರುವಿನಲ್ಲಿ ಅದರಿಂದ ಲಾಭ. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಬೇಗ ನೀರಿನ ಮೇಲೆ ತೇಲುತ್ತದೆ. ಮಲೆನಾಡಿಗೆ ಮಳೆಯಲ್ಲೇ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ಜೊತೆಗೆ ತೂಕ ಹೆಚ್ಚು, ಉರುಳುವಾಗಿನ ತಡೆ ಹೆಚ್ಚು, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಊರೊಳಗೆ ಎಳೆತ ಮಂದ ಅನಿಸುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಐದು ಜನ ಕೂತಾಗ ಮಡ್‌ಗಾರ್ಡ್ ಒಳಮೈಗೆ ಉಜ್ಜುತ್ತಾ ಅಂತಲೂ ನೋಡಬೇಕು. ಲೋಡ್ ಇಂಡೆಕ್ಸ್ 88 ಬೇಕೇ? 85 ಅಂದರೆ 515 ಕೆ.ಜಿ. ನಾಲ್ಕಕ್ಕೆ 2,060. ಈ ಕಾರು ಪೂರ್ತಿ ತುಂಬಿದಾಗಲೂ 1,300 ಕೆ.ಜಿ. ಆಸುಪಾಸು. ಅಲ್ಲಿ ಕೊರತೆ ಇಲ್ಲ.

ಓಲಾಟ ನಿಜವಾಗಿ ಕಾಡುತ್ತಿದ್ದರೆ ಮೇಲ್ದರ್ಜೆಯ ಡಿಜೈರ್‌ಗೆ ಕಂಪನಿಯೇ ಕೊಡುವ 185/65 ಆರ್15 ಇದೆ. ವ್ಯಾಸ 621.5, ಮೂಲಕ್ಕೆ ಶೇ. 0.3 ಮಾತ್ರ ವ್ಯತ್ಯಾಸ. ಗೋಡೆ 120 ಮಿ.ಮೀ. ಅದಕ್ಕೆ ರಿಮ್ಮೂ ಬೇರೆ ಬೇಕು: ನಾಲ್ಕು ನಟ್, ಪಿಸಿಡಿ (ನಟ್‌ಗಳು ಕೂರುವ ವೃತ್ತದ ವ್ಯಾಸ) 100 ಮಿ.ಮೀ., ನಡುವಿನ ರಂಧ್ರ 54.1 ಮಿ.ಮೀ. ರಂಧ್ರ ದೊಡ್ಡದಿರುವ ರಿಮ್‌ಗೆ ಉಂಗುರ ಹಾಕದೆ ಕೂರಿಸಿದರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗಲ್ಲ. ಈ ಅಳತೆಯೂ ಅಗಲದ್ದೇ, ಆದರೆ ಒಳ್ಳೆಯ ಪ್ಯಾಟರ್ನ್‌ಗಳ ಆಯ್ಕೆ ಇದರಲ್ಲಿ ಜಾಸ್ತಿ. ಅದಕ್ಕೆ ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ 165/80ರಲ್ಲೇ ಒಳ್ಳೆಯದನ್ನು ಆರಿಸಿ.

---

ಹರಿಹರ_ಹೈವೇ

ನೀರಿನ ಲೆಕ್ಕ ಒಪ್ಪುತ್ತೇನೆ. ಬರೀ ಬೆಂಗಳೂರು-ಹುಬ್ಬಳ್ಳಿ ಓಡುವವರಿಗೆ ಮಾತ್ರ 185/70 ಹೇಳೋದನ್ನು ಬಿಡಲ್ಲ.

---

ಬಯಲುಸೀಮೆ_ಚಕ್ರ (ಚಳ್ಳಕೆರೆ)

ಯಾವ ಟೈರ್ ಅನ್ನುವುದಕ್ಕೆ ಬರೋಣ. ಮನೆ ಕಾರಿನ ಟೈರ್‌ಗಳಲ್ಲಿ ಸುಮಾರಾಗಿ ಎರಡು ಗುಣದವು ಸಿಗುತ್ತವೆ. ಒಂದು, ಹೆಚ್ಚು ಕಿಲೋಮೀಟರ್ ಬರಲಿ ಅಂತ ಗಟ್ಟಿ ರಬ್ಬರಿನಲ್ಲಿ ಮಾಡಿದ್ದು. ಅಪೋಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3, ಗುಡ್‌ಇಯರ್ ಡ್ಯೂರಾಪ್ಲಸ್ ಈ ಸಾಲಿನವು. ಇನ್ನೊಂದು, ಹಿಡಿತ ಮತ್ತು ನಿಶ್ಶಬ್ದಕ್ಕೆ ಒತ್ತು ಕೊಟ್ಟದ್ದು. ಮಿಶ್ಲಿನ್, ಕಾಂಟಿನೆಂಟಲ್, ಯೊಕೊಹಾಮಾ ಮನೆ ಕಾರಿನ ಸರಣಿಗಳು ಹೆಚ್ಚಾಗಿ ಈ ಕಡೆ ವಾಲುತ್ತವೆ. ಬೇರೆ ಕಂಪನಿಗಳ ಸರಣಿಗಳನ್ನೂ ಇದೇ ಪ್ರಶ್ನೆ ಕೇಳಿ ನೋಡಿ: ಬಾಳಿಕೆಗಾ, ಹಿಡಿತಕ್ಕಾ? ನಿಮ್ಮ ಟೈರ್‌ಗಳು ಸವೆದು ಮುಗಿಯಲಿಲ್ಲ, ವಯಸ್ಸಾಗಿ ಮುಗಿದವು. ಅಂದ ಮೇಲೆ ಲಕ್ಷ ಕಿ.ಮೀ. ಬಾಳಿಕೆಗೆ ದುಡ್ಡು ಕೊಟ್ಟು ನಿಮಗೇನು ಸಿಗುತ್ತದೆ? ಒದ್ದೆ ರಸ್ತೆಯಲ್ಲಿ ನಿಲ್ಲುವ ಗುಣಕ್ಕೆ ಕೊಡಿ. 165/80 ಆರ್14ರಲ್ಲಿ ಎಲ್ಲಾ ಕಂಪನಿಯ ಎಲ್ಲಾ ಪ್ಯಾಟರ್ನ್ ಸಿಗುವುದಿಲ್ಲ. ಹಾಗಾಗಿ ಬ್ರ್ಯಾಂಡ್ ಹೆಸರು ಹಿಡಿದು ಹೋಗದೆ "ಈ ಅಳತೆಯಲ್ಲಿ, 85ಟಿ ಅಥವಾ ಮೇಲೆ, ಏನೇನಿದೆ" ಅಂತ ಕೇಳಿ. ಟಿ ಅಂದರೆ ಗಂಟೆಗೆ 190 ಕಿ.ಮೀ. ಮಿತಿ, ಎಚ್ ಅಂದರೆ 210. ಮೂಲಕ್ಕಿಂತ ಕೆಳಗಿನ ಅಕ್ಷರ ಬೇಡ.

ಒದ್ದೆ ಹಿಡಿತ, ಉರುಳುವ ತಡೆ, ಸದ್ದು ಈ ಮೂರಕ್ಕೆ ಎಐಎಸ್-142 ಎಂಬ ಕನಿಷ್ಠ ಮಟ್ಟ 2022-23ರಿಂದ ಜಾರಿಗೆ ಬಂದಿದೆ. ಹಳೇ ಸ್ಟಾಕ್ ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ. ಪಕ್ಕದಲ್ಲಿ ಐಎಸ್ 15633 ಜೊತೆಗೆ ಐಎಸ್‌ಐ ಗುರುತು ಇರಲೇಬೇಕು. ತಯಾರಾಗಿ ಆರು ತಿಂಗಳೊಳಗಿನದು ಕೇಳಿ, ನಾಲ್ಕೂ ಹತ್ತಿರದ ವಾರದವು ಇರಲಿ. ವರ್ಷ ದಾಟಿದ್ದು ಕೊಟ್ಟರೆ ಬೇಡ ಅನ್ನಿ, ಬೇರೆ ಅಂಗಡಿ ಇದೆ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಸರಿ ಇದೆಯಾ ನೋಡಿ. ಬಿಲ್ಲಿನ ಮೇಲೆ ನಾಲ್ಕೂ ಟೈರ್‌ನ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕೇಳುವಾಗ ಅದೇ ಬೇಕು. ಉಬ್ಬು ಬಂದದ್ದು, ಕಲ್ಲಿಗೆ ಸೀಳಿದ್ದು ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ.

ನಮ್ಮ ಕಡೆ ಟೈರ್ ಹಾಳುಮಾಡುವುದು ಮುಖ್ಯವಾಗಿ ಮೂರು. ಚಳ್ಳಕೆರೆ, ಜಗಳೂರು ಕಡೆ ಬಳ್ಳಾರಿ ಜಾಲಿ ಮುಳ್ಳು. ಅದು ಒಳಗೆ ಮುರಿದು ತೂತನ್ನು ತಾನೇ ಮುಚ್ಚಿಕೊಂಡಿರುತ್ತದೆ, ಗಾಳಿ ದಿನಕ್ಕೆ ಒಂದು ಪಿಎಸ್‌ಐ ಹಾಗೆ ಇಳಿಯುತ್ತದೆ. ಸೋಪುನೀರು ಹಾಕಿ ಸುತ್ತಲೂ ಗುಳ್ಳೆ ಹುಡುಕಿದರೆ ಮಾತ್ರ ಸಿಗುತ್ತದೆ. ಭೀಮಸಮುದ್ರದ ಕಡೆ ಅದಿರು ಲಾರಿ ಓಡುವ ರಸ್ತೆಗಳಲ್ಲಿ ಚೂಪು ಕಲ್ಲು, ಅದು ಬಟನ್ ನಡುವೆ ಸಿಕ್ಕಿಕೊಂಡು ಓಡುತ್ತಾ ಓಡುತ್ತಾ ಒಳಕ್ಕೆ ಕೊರೆಯುತ್ತದೆ. ತಿಂಗಳಿಗೊಮ್ಮೆ ಸ್ಕ್ರೂ ಡ್ರೈವರ್ ಹಿಡಿದು ಕಿತ್ತು ಹಾಕಿ.

ಮೂರನೆಯದು ಗಾಳಿ, ಇದೇ ಎಲ್ಲಕ್ಕಿಂತ ದೊಡ್ಡದು. "ಬೇಸಿಗೆ, ಟೈರ್ ಸಿಡಿದೀತು, ಗಾಳಿ ಕಡಿಮೆ ಹಾಕಿಸು" ಅನ್ನುವ ಮಾತು ನಮ್ಮಲ್ಲಿ ಎಲ್ಲೆಲ್ಲೂ ಇದೆ. ಅದು ಉಲ್ಟಾ. ಗಾಳಿ ಕಡಿಮೆಯಾದರೆ ಪ್ರತಿ ಸುತ್ತಿಗೂ ಪಕ್ಕದ ಗೋಡೆ ಹೆಚ್ಚು ಮಡಚಿ ಬಿಚ್ಚುತ್ತದೆ, ಆ ಮಡಚಾಟದಿಂದಲೇ ಶಾಖ ಹುಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ, ಐದು ಜನ, ಹಿರಿಯೂರಿನವರೆಗೆ ನೂರರ ವೇಗ, 24 ಪಿಎಸ್‌ಐ. ಟೈರ್ ಪದರ ಬಿಚ್ಚಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಸರಿಯಾದ ಸಂಖ್ಯೆ ಚಾಲಕನ ಬಾಗಿಲ ಕಂಬದ ಸ್ಟಿಕರ್ ಮೇಲಿದೆ. ಪೂರ್ತಿ ಲೋಡ್‌ಗೆ ಬೇರೆ ಅಂಕಿ ಕೊಟ್ಟಿದ್ದರೆ ಪ್ರವಾಸಕ್ಕೆ ಅದನ್ನೇ ಹಾಕಿ. ಟೈರ್ ಗೋಡೆಯ ಮೇಲೆ ಬರೆದಿರುವ ಗರಿಷ್ಠ ಒತ್ತಡ ಅದಲ್ಲ. ಬೆಳಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಓಡಿದ ಮೇಲೆ ಮೂರರಿಂದ ಐದು ಪಿಎಸ್‌ಐ ಏರುವುದು ಸಹಜ, ಏರಿದ ಗಾಳಿಯನ್ನು ಹೊರಗೆ ಬಿಡಬೇಡಿ. ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ ಬದಲಾಗುತ್ತದೆ. ಹಾಗಾಗಿ ಬೇಸಿಗೆ ಮಧ್ಯಾಹ್ನ ಅಳೆದು ಸರಿಮಾಡಿಸಿದ್ದು ಚಳಿಗಾಲದ ಬೆಳಗ್ಗೆ ಹೊತ್ತಿಗೆ ಮೂರು ನಾಲ್ಕು ಕಡಿಮೆ ತೋರಿಸುತ್ತದೆ.

ಮಳೆಗೂ ಇದೇ ಮಾತು. ವಿಮಾನದ ಟೈರ್‌ಗಳಿಗಾಗಿ ನಾಸಾ ಕಂಡುಕೊಂಡ ಒಂದು ಲೆಕ್ಕದಲ್ಲಿ ಟೈರ್ ನೀರಿನ ಮೇಲೆ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 33 ಪಿಎಸ್‌ಐಗೆ ಗಂಟೆಗೆ ಸುಮಾರು 95 ಕಿ.ಮೀ., 24ಕ್ಕೆ ಸುಮಾರು 82. ಕಾರಿಗೆ ಅದೇ ಅಂಕಿ ಅಂತಲ್ಲ, ಬಟನ್ ಆಳ, ನೀರಿನ ಆಳ ಎಲ್ಲ ಸೇರುತ್ತದೆ. ಆದರೆ ಗಾಳಿ ಇಳಿದಷ್ಟೂ ಬೇಗ ತೇಲುತ್ತದೆ ಅನ್ನುವುದು ಹಾಗೇ ನಿಲ್ಲುತ್ತದೆ.

---

ಬೆಣ್ಣೆನಗರಿ_ಸವಾರ

ಎಲ್ಲರಿಗೂ ಧನ್ಯವಾದ. ಉಬ್ಬಿದ ಟೈರ್ ತೆಗೆಸಿ ಸ್ಟೆಪ್ನಿ ಹಾಕಿದ್ದೇನೆ. 165/80 ಆರ್14ರಲ್ಲೇ ಇರುವುದು, ಹಿಡಿತದ ಕಡೆಯ ಪ್ಯಾಟರ್ನ್ ನೋಡುವುದು ಅಂತ ತೀರ್ಮಾನ. ಇನ್ನೆರಡು ಪ್ರಶ್ನೆ: ಸ್ಟೆಪ್ನಿಗೂ ಹೊಸದು ಬೇಕಾ? ನೈಟ್ರೋಜನ್ ಹಾಕಿಸಲಾ?

---

ದುರ್ಗದ_ಅಲೈನ್‌ಮೆಂಟ್ (ಚಿತ್ರದುರ್ಗ)

ಸಾಧ್ಯವಾದರೆ ಐದು ತಗೊಳ್ಳಿ, ಅದೇ ಅಳತೆ, ಅದೇ ಪ್ಯಾಟರ್ನ್. ಆಗ ಸ್ಟೆಪ್ನಿಯನ್ನೂ ಸೇರಿಸಿ ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಐದನ್ನೂ ಸರದಿಯಲ್ಲಿ ತಿರುಗಿಸಬಹುದು, ಯಾವುದೂ ಡಿಕ್ಕಿಯಲ್ಲೇ ಮುದಿಯಾಗುವುದಿಲ್ಲ. ಟೈರ್ ಮೇಲೆ ಓಡುವ ದಿಕ್ಕಿನ ಬಾಣ ಇದ್ದರೆ ಮಾತ್ರ ಎಡದ್ದನ್ನು ಬಲಕ್ಕೆ ಹಾಕುವ ಹಾಗಿಲ್ಲ, ಸ್ಟೆಪ್ನಿ ಸರದಿಗೂ ಅದು ಅಡ್ಡಿ. ಬಾಣ ಇಲ್ಲದ್ದನ್ನೇ ಆರಿಸಿ. ಐದು ಆಗದಿದ್ದರೆ ಈಗಿನ ಹಿಂದಿನ ಜೋಡಿಯಲ್ಲಿ ಒಂದನ್ನು ಉಳಿಸಿಕೊಳ್ಳಬೇಡಿ, ಬಿರುಕು ಬಿಟ್ಟಿದೆ. 1219ರ ಸ್ಟೆಪ್ನಿಯನ್ನೇ ಇಡಿ, ಪಂಕ್ಚರ್ ಅಂಗಡಿವರೆಗೆ ಮಾತ್ರ ಬಳಸಿ.

ನೈಟ್ರೋಜನ್ ಸಿಕ್ಕರೆ ಹಾಕಿಸಿ, ಹುಡುಕಿಕೊಂಡು ಹೋಗಬೇಡಿ. ಮಾಮೂಲಿ ಗಾಳಿಯಲ್ಲೇ ಶೇ. 78 ಅದೇ ಇದೆ. ದಾರಿಯಲ್ಲಿ ಕಡಿಮೆಯಾದರೆ ಪೆಟ್ರೋಲ್ ಬಂಕಿನ ಗಾಳಿ ಬೆರೆಸಲು ಹೆದರಬೇಡಿ. ನೈಟ್ರೋಜನ್ ಇದೆ ಅಂತ ಕಡಿಮೆ ಗಾಳಿಯಲ್ಲೇ ಓಡಿಸುವುದು ಕೆಟ್ಟದ್ದು.

ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ. ಮೊದಲ 200-300 ಕಿ.ಮೀ. ಗಟ್ಟಿ ಬ್ರೇಕ್, ಜೋರು ತಿರುವು ಬೇಡ, ಮಳೆ ಬಂದಿದ್ದರೆ ಇನ್ನೂ ಹುಷಾರು. ಸ್ಟೆಪ್ನಿಗೆ ಬಾಗಿಲ ಸ್ಟಿಕರ್‌ನ ಅಂಕಿಗಿಂತ ಮೂರು ನಾಲ್ಕು ಪಿಎಸ್‌ಐ ಹೆಚ್ಚು ಹಾಕಿ ಇಡಿ, ತಿಂಗಳುಗಟ್ಟಲೆ ನೋಡದಿದ್ದಾಗ ಇಳಿದಿರುತ್ತದೆ. ಅದನ್ನು ಚಕ್ರಕ್ಕೆ ಹಾಕಿದ ಮೇಲೆ ಹೆಚ್ಚಿದ್ದನ್ನು ಬಿಟ್ಟು ಸರಿ ಮಾಡಿಕೊಳ್ಳಿ.